ನನ್ನ ವಿಮೆ ಕಾರ್ಡಿನಲ್ಲಿ ಹೆಂಡತಿಗೆ ಜಾಗವಿದೆ, ಅಮ್ಮನಿಗಿಲ್ಲ: ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರಿಗೆ,
ಕರ್ನಾಟಕ ಸರ್ಕಾರ, ಬೆಂಗಳೂರು

ನಮಸ್ಕಾರ ಸರ್.

ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಪತ್ರ ಉದ್ದ ಇದೆ. ನಿಮ್ಮ ಆಪ್ತ ಸಹಾಯಕರು ಮೊದಲ ಪ್ಯಾರಾಕ್ಕೇ ನಿಲ್ಲಿಸಿದರೂ ವಿಷಯ ನಿಮಗೆ ಮುಟ್ಟಬೇಕು. ಕಂಪನಿಗಳು ಕೊಡುವ ಆರೋಗ್ಯ ವಿಮೆಯಲ್ಲಿ ಯಾರ ಹೆಸರಿರಬೇಕು ಅನ್ನೋದನ್ನು ನೌಕರನೇ ಹೇಳುವಂತಾಗಬೇಕು. ಮದುವೆಯಾಗದವನಿಗೆ ಹೆಂಡತಿ ಮಕ್ಕಳ ವಿಮೆ ಕೊಟ್ಟು ಏನು ಮಾಡಲಿ ಅಂತೀರಿ? ಅಮ್ಮನ ಹೆಸರು ಸೇರಿಸಿಕೊಡಿ. ಅಷ್ಟೇ.

ನಾನು ತಿಪಟೂರು ತಾಲ್ಲೂಕಿನವನು. ವಯಸ್ಸು 27. ಬೆಂಗಳೂರಿನ ಒಂದು ಬಿಪಿಒದಲ್ಲಿ ಕೆಲಸ. ಕಂಪನಿಯ ಹೆಸರು ಬರೆಯುವುದಿಲ್ಲ. ಬರೆದರೆ ನಾಳೆಯೇ ಗೇಟಿನಲ್ಲಿ ನನ್ನ ಐಡಿ ಕಾರ್ಡ್ ಕೆಲಸ ಮಾಡುವುದು ನಿಂತುಹೋಗುತ್ತದೆ. ಅಪ್ಪ ತೀರಿಕೊಂಡು ವರ್ಷಗಳಾದವು. ಅಮ್ಮ ಊರಲ್ಲಿದ್ದಾರೆ, ನನ್ನ ಸಂಬಳದಲ್ಲೇ ಅವರ ಜೀವನ ನಡೆಯಬೇಕು. ನಮ್ಮ ಫ್ಲೋರಿನಲ್ಲಿ ಬಹುಪಾಲು ಹುಡುಗ ಹುಡುಗಿಯರ ಕತೆಯೂ ಇದೇ. ಅರಸೀಕೆರೆ, ಹಿರಿಯೂರು, ಸಿಂಧನೂರು, ಶಿರಸಿ, ಎಲ್ಲೆಲ್ಲಿಂದಲೋ ಬಂದು ಪಿಜಿಯಲ್ಲಿ ಇರುವವರು. ಸಂಬಳ ಬಿದ್ದ ದಿನವೇ ಊರಿಗೆ ಫೋನ್‌ಪೇ ಮಾಡುವವರು.

ಇಎಸ್‌ಐ, ಅಂದರೆ ಕಡಿಮೆ ಸಂಬಳದ ನೌಕರರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆಯ ಲೆಕ್ಕ, ನಿಮಗೆ ನಾನು ಹೇಳಿಕೊಡಬೇಕಿಲ್ಲ. ತಿಂಗಳಿಗೆ 21 ಸಾವಿರದವರೆಗೆ ಸಂಬಳ ಇರುವವರಿಗೆ ಮಾತ್ರ ಅದು, ಆ ಮಿತಿ 2017ರ ಜನವರಿಯಲ್ಲಿ ಗೊತ್ತು ಮಾಡಿದ್ದು. ಆಮೇಲೆ ಮನೆ ಬಾಡಿಗೆ ಎಲ್ಲಿಗೆ ಹೋಯಿತು, ಅಕ್ಕಿ ಎಣ್ಣೆ ಎಲ್ಲಿಗೆ ಹೋಯಿತು, ಆ 21 ಸಾವಿರ ಮಾತ್ರ ಅಲ್ಲೇ ಕೂತಿದೆ. ನನ್ನ ಹಿಂದಿನ ಕೆಲಸದಲ್ಲಿ ಸಂಬಳ ಅದಕ್ಕಿಂತ ಕಡಿಮೆ ಇತ್ತು. ಆಗ ಅಮ್ಮನೂ ಇಎಸ್‌ಐ ಕಾರ್ಡಿನಲ್ಲಿದ್ದರು, ಯಾಕೆಂದರೆ ಮಗನನ್ನೇ ನಂಬಿಕೊಂಡ ತಂದೆ ತಾಯಿಯನ್ನು ಇಎಸ್‌ಐ ಕುಟುಂಬ ಅಂತಲೇ ಲೆಕ್ಕ ಹಾಕುತ್ತದೆ. ಬೆಂಗಳೂರಿಗೆ ಬಂದಾಗ ತೋರಿಸಿಕೊಂಡು, ಶುಗರ್ ಮಾತ್ರೆ ತಗೊಂಡು ಹೋಗುತ್ತಿದ್ದರು. ಕ್ಯೂ ಇರುತ್ತಿತ್ತು, ಬೈಗುಳ ಇರುತ್ತಿತ್ತು, ಆದರೆ ಮಾತ್ರೆಯೂ ಇರುತ್ತಿತ್ತು. ಆಮೇಲೆ ಒಳ್ಳೆ ಕೆಲಸ ಸಿಕ್ಕಿತು. ಸಂಬಳ 26 ಸಾವಿರ. ಊರಲ್ಲಿ ಅಮ್ಮ ನಾಲ್ಕು ಮನೆಗೆ ಸಿಹಿ ಹಂಚಿದರು. ಇಎಸ್‌ಐ ಕೈಬಿಟ್ಟಿತು.

ಬಿಪಿಎಲ್ ಕಾರ್ಡ್ ಇದ್ದಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ 5 ಲಕ್ಷದವರೆಗೆ ಆಗುತ್ತಿತ್ತು. ನನ್ನ ಸಂಬಳದ ಚೀಟಿ ಇರುವ ಮನೆಗೆ ಆ ಕಾರ್ಡ್ ಇಲ್ಲ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ, ಅಂದರೆ ಆ ಚಿಕಿತ್ಸೆಗೆ ಸರ್ಕಾರ ಗೊತ್ತು ಮಾಡಿದ ದರದ, ಶೇ. 30 ಮಾತ್ರ. ಮಿಕ್ಕ 70 ಎಲ್ಲಿಂದ ತರಬೇಕು ಅಂತ ಯಾರೂ ಹೇಳುವುದಿಲ್ಲ. ಹೀಗೆ ಸರ್ಕಾರದ ಲೆಕ್ಕದಲ್ಲಿ ನಾವು ಬಡವರಲ್ಲ, ಆಸ್ಪತ್ರೆಯ ಬಿಲ್ ಮುಂದೆ ನಿಂತಾಗ ಮಾತ್ರ ಬಡವರು.

ಕಳೆದ ವರ್ಷ ಅಮ್ಮನಿಗೆ ಪಿತ್ತಕೋಶದಲ್ಲಿ ಕಲ್ಲಾಗಿ, ರಾತ್ರೋರಾತ್ರಿ ತುಮಕೂರಿನ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನು ಶಿಫ್ಟಿನಲ್ಲಿದ್ದೆ. ಟೀಮ್ ಲೀಡರ್ ಕೈಕಾಲು ಹಿಡಿದು ಹೊರಟು, ಯಶವಂತಪುರದಲ್ಲಿ ಬಸ್ ಹತ್ತಿ, ತುಮಕೂರು ತಲುಪುವಾಗ ಬೆಳಗಾಗಿತ್ತು. ಜೇಬಿನಲ್ಲಿ ಕಂಪನಿಯ ಕಾರ್ಡ್ ಇತ್ತು. 3 ಲಕ್ಷದ ವಿಮೆ, ಸರ್. ಕೆಲಸಕ್ಕೆ ಸೇರಿದ ದಿನ ಪ್ರೊಜೆಕ್ಟರಿನಲ್ಲಿ ತೋರಿಸಿದ್ದರು, "ನಿಮ್ಮ ಇಡೀ ಕುಟುಂಬದ ಕಾಳಜಿ ನಮ್ಮದು" ಅಂತ. ಆ ಪರದೆಯ ಮೇಲೆ ಒಂದು ನಗುವ ಕುಟುಂಬ ಇತ್ತು. ಗಂಡ, ಹೆಂಡತಿ, ಒಂದು ಗಂಡು, ಒಂದು ಹೆಣ್ಣು. ಅಜ್ಜಿ ಇರಲಿಲ್ಲ. ಆಗ ಅದನ್ನು ಯಾರು ಗಮನಿಸುತ್ತಾರೆ?

ಕ್ಯಾಶ್‌ಲೆಸ್ ಕೌಂಟರಿನಲ್ಲಿದ್ದ ಹುಡುಗಿ ಕಾರ್ಡ್ ನಂಬರ್ ಹಾಕಿ ನೋಡಿದಳು. ಇನ್ನೊಮ್ಮೆ ನೋಡಿದಳು. ಆಮೇಲೆ ಸ್ಕ್ರೀನನ್ನೇ ನನ್ನ ಕಡೆ ತಿರುಗಿಸಿದಳು. "ಸರ್, ಇದರಲ್ಲಿ ನೀವಿದ್ದೀರಿ. ನಿಮ್ಮ ಹೆಂಡತಿ ಅಂತ ಒಂದು ಜಾಗ ಖಾಲಿ ಇದೆ. ಎರಡು ಮಕ್ಕಳ ಜಾಗ ಖಾಲಿ ಇದೆ. ಅಮ್ಮ ಬರಲ್ಲ." ನಾನು ಕೇಳಿದೆ, ಆ ಖಾಲಿ ಇರೋ ಮೂರು ಜಾಗದಲ್ಲಿ ಒಂದಕ್ಕೆ ಅಮ್ಮನ್ನ ಹಾಕಿ ಅಂತ. ಅವಳಿಗೆ ನಗು ಬಂತು, ಪಾಪ, ತಡೆದುಕೊಂಡಳು. "ಮದುವೆ ಆಗಿದ್ರೆ ಮಿಸೆಸ್‌ಗೆ ಆಗ್ತಿತ್ತು ಸರ್" ಅಂದಳು.

ಎಚ್‌ಆರ್‌ಗೆ ಫೋನ್ ಮಾಡಿದೆ. ತಂದೆ ತಾಯಿಯನ್ನು ಸೇರಿಸಬಹುದಂತೆ, ಪೂರ್ತಿ ಪ್ರೀಮಿಯಂ ನಾನೇ ಕಟ್ಟಬೇಕಂತೆ. ಕಟ್ಟುತ್ತೇನೆ ಅಂದೆ. ಆದರೆ ಅದಕ್ಕೆ ಏಪ್ರಿಲ್‌ನಲ್ಲಿ ಮಾತ್ರ ಅವಕಾಶ. ಕಳೆದ ಏಪ್ರಿಲ್‌ನಲ್ಲಿ ನಾನು ಪ್ರೊಬೇಷನ್‌ನಲ್ಲಿದ್ದೆ, ಪ್ರೊಬೇಷನ್‌ನವರಿಗೆ ಆ ಫಾರ್ಮ್ ತೆರೆಯುವುದೇ ಇಲ್ಲ. ಹಾಗಾದರೆ ಕಲ್ಲು ಮುಂದಿನ ಏಪ್ರಿಲ್ ತನಕ ಕಾಯಬೇಕಾ ಅಂದೆ. ಆ ಕಡೆಯಿಂದ, "ಪಾಲಿಸಿ ಹಾಗಿದೆ ಸರ್." ಬಿಲ್ 92 ಸಾವಿರ ಆಯಿತು. ಅಮ್ಮನ ಎರಡು ಬಳೆ, ಭಾವನ ಸಾಲ, ಫೋನಿನ ಆ್ಯಪ್‌ನಲ್ಲಿ ತೆಗೆದ ಇನ್ನೊಂದು ಸಾಲ. ಆ್ಯಪ್‌ನವರ ಸಾಲ ಮಾತ್ರ ಇನ್ನೂ ತೀರಿಲ್ಲ.

ಇದಕ್ಕಿಂತ ದೊಡ್ಡ ತಮಾಷೆ ಆಮೇಲಿದೆ ಸರ್. ಆಸ್ಪತ್ರೆಯಿಂದ ವಾಪಸ್ ಬಂದು ಕಂಪ್ಯೂಟರ್ ತೆರೆದರೆ ಎಚ್‌ಆರ್ ಮೇಲ್. ಯುವ ನೌಕರರಿಗಾಗಿ ವಿಶೇಷ ಸೌಲಭ್ಯವಂತೆ. ಶುಕ್ರವಾರ ಪೆಟ್ ಡೇ. ನಿಮ್ಮ ಮುದ್ದಿನ ನಾಯಿ ಬೆಕ್ಕುಗಳನ್ನು ಆಫೀಸಿಗೆ ಕರೆತನ್ನಿ, ಉಚಿತ ಪಶುವೈದ್ಯ ತಪಾಸಣೆ ಇದೆ. ನಾನು ಓದಿ ಸುಮ್ನೆ ಕೂತೆ. ನಾನಿರುವ ಪಿಜಿಯಲ್ಲಿ ಅಮ್ಮ ಬಂದರೂ ಒಂದು ರಾತ್ರಿ ಉಳಿಯಲು ಬಿಡುವುದಿಲ್ಲ, ಇನ್ನು ನಾಯಿ ಎಲ್ಲಿಂದ ಸಾಕಲಿ? ಶುಕ್ರವಾರ ಎರಡು ನಾಯಿ ಬಂದವು. ಎರಡೂ ಮ್ಯಾನೇಜರ್‌ಗಳದ್ದು. ಚೆನ್ನಾಗಿದ್ದವು, ಅವುಗಳ ಮೇಲೆ ನನಗೇನೂ ಸಿಟ್ಟಿಲ್ಲ. ಅವಕ್ಕೆ ಡಾಕ್ಟರ್ ಸಿಕ್ಕರು, ಅದೇ ನನ್ನ ಹೊಟ್ಟೆಕಿಚ್ಚು.

"ಈಗಿನ ಹುಡುಗರು ನಿಲ್ಲಲ್ಲ, ವರ್ಷಕ್ಕೊಂದು ಕಂಪನಿ ಬದಲಾಯಿಸುತ್ತಾರೆ" ಅಂತ ಮಾಲೀಕರು ನಿಮ್ಮ ಸಭೆಗಳಲ್ಲಿ ಗೋಳಾಡುವುದನ್ನು ಪೇಪರಿನಲ್ಲಿ ಓದುತ್ತೇನೆ. ನಿಲ್ಲಲಿ ಅಂತ ಅವರು ಮಾಡಿದ್ದೇನು? ನಮ್ಮಲ್ಲಿ ಒಂದು ಟೇಬಲ್ ಟೆನಿಸ್ ಮೇಜಿದೆ. ಬ್ಯಾಟಿನ ಪ್ಲಾಸ್ಟಿಕ್ ಕವರ್ ಇನ್ನೂ ಬಿಚ್ಚಿಲ್ಲ, ಯಾಕೆಂದರೆ ಊಟ, ಟೀ, ಟಾಯ್ಲೆಟ್ ಎಲ್ಲ ಸೇರಿ ಬ್ರೇಕ್ ಇರುವುದು ಒಂದು ಗಂಟೆ, ಅದು ನಿಮಿಷದ ಲೆಕ್ಕದಲ್ಲಿ ಸಿಸ್ಟಮ್‌ನಲ್ಲಿ ಬೀಳುತ್ತದೆ. ಸಿಟಿಸಿಯಲ್ಲಿ, ಅಂದರೆ ನಮ್ಮ ಮೇಲೆ ಕಂಪನಿ ಮಾಡುವ ಒಟ್ಟು ಖರ್ಚಿನ ಲೆಕ್ಕದಲ್ಲಿ, ಗ್ರಾಚ್ಯುಟಿ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಅಂತ ಮೂಲ ವೇತನದ ಶೇ. 4.81 ತೋರಿಸುತ್ತಾರೆ. ಅದು ಕೈಗೆ ಬರಬೇಕಾದರೆ ಕಾಯಂ ನೌಕರ 5 ವರ್ಷ ಇರಬೇಕು. ಐದು ವರ್ಷ ಇದ್ದವರನ್ನು ನಮ್ಮ ಫ್ಲೋರಿನಲ್ಲಿ ನಾನು ಕಂಡಿಲ್ಲ. ಪಿಎಫ್ ಕೂಡ ಕಾನೂನು ಹೇಳುವ ಕನಿಷ್ಠಕ್ಕೇ, 15 ಸಾವಿರದ ಶೇ. 12ಕ್ಕೆ, 1,800 ರೂಪಾಯಿಗೆ ನಿಲ್ಲಿಸಿದ್ದಾರೆ. ಮಾಲೀಕರ ಪಾಲಿನ 1,800 ಕೂಡ ನಮ್ಮ ಸಿಟಿಸಿಯ ಒಳಗೇ ಇದೆ. ಜೊತೆಗೆ ಹಳೆ ಕಾರ್ಮಿಕ ಕಾನೂನುಗಳನ್ನು ಒಟ್ಟು ಸೇರಿಸಿ ಕೇಂದ್ರ ತಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ 40 ದಾಟಿದವರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ. ಬಹಳ ಸಂತೋಷ. ಇನ್ನು 13 ವರ್ಷ ರಾತ್ರಿ ಪಾಳಿ ಮಾಡಿ, ಬದುಕಿದ್ದರೆ ನಾನೂ ಮಾಡಿಸಿಕೊಳ್ಳುತ್ತೇನೆ.

ಹುಡುಗರಿಗೆ ಏನು ಬೇಕು ಅಂತ ಯಾರಾದರೂ ಕ್ಯಾಂಟೀನಿನಲ್ಲಿ ಕೂತು ಕೇಳಲಿ. ಶಿಫ್ಟ್ ಪಟ್ಟಿ ಎರಡು ವಾರ ಮುಂಚೆ ಕೊಡಿ, ಊರಿಗೆ ಹೋಗುವ ಟಿಕೆಟ್ ಬುಕ್ ಮಾಡಬೇಕು. ಮನೆಯ ಅಡ್ವಾನ್ಸಿಗೆ ಬಡ್ಡಿಯಿಲ್ಲದ ಸಾಲ ಕೊಟ್ಟು ಸಂಬಳದಲ್ಲಿ ಹಿಡಿದುಕೊಳ್ಳಿ. ರಜೆ ಪುಸ್ತಕದಲ್ಲಿ ಇರುವ ರಜೆ ಕೇಳಿದಾಗ ಕೊಡಿ. ಎಲ್ಲಕ್ಕಿಂತ ಮೊದಲು, ಅಪ್ಪ ಅಮ್ಮನ ಹೆಸರನ್ನು ವಿಮೆಗೆ ಸೇರಿಸಿ. ವಯಸ್ಸಾದವರಿಗೆ ಪ್ರೀಮಿಯಂ ಜಾಸ್ತಿ, ಗೊತ್ತು. ಇಲ್ಲದ ಹೆಂಡತಿ ಮಕ್ಕಳಿಗಾಗಿ ಇಟ್ಟ ಹಣ ಅದಕ್ಕೆ ಹೋಗಲಿ. ಅದಕ್ಕೂ ಹೆಚ್ಚಾದದ್ದನ್ನು ನನ್ನ ಸಂಬಳದಲ್ಲಿ ತಿಂಗಳು ತಿಂಗಳು ಹಿಡಿಯಲಿ. ನಾನು ಬಿಟ್ಟಿ ಕೇಳುತ್ತಿಲ್ಲ.

ಖಾಸಗಿ ಕಂಪನಿಗಳ ಒಳಗಿನ ವಿಷಯ, ವಿಮೆ ಅಂದರೆ ಕೇಂದ್ರದ್ದು, ನಾವೇನು ಮಾಡೋಕಾಗುತ್ತೆ ಅಂತ ದಯವಿಟ್ಟು ಹೇಳಬೇಡಿ. 2025ರ ಅಕ್ಟೋಬರ್‌ನಲ್ಲಿ ನಿಮ್ಮ ಸಂಪುಟವೇ ಹೆಣ್ಣುಮಕ್ಕಳಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ಮುಟ್ಟಿನ ರಜೆ ಒಪ್ಪಿತು. ಗಾರ್ಮೆಂಟ್ಸ್‌ಗೂ ಐಟಿಗೂ ಸೇರಿಸಿಯೇ ಒಪ್ಪಿತು. ಆ ದಿನ ನಮ್ಮ ಟೀಮಿನ ಹುಡುಗಿಯರು ಚಪ್ಪಾಳೆ ಹೊಡೆದರು, ನಾವೂ ಹೊಡೆದೆವು. ಮನಸ್ಸು ಮಾಡಿದರೆ ಆಗುತ್ತದೆ ಅಂತಾಯಿತು, ಅಲ್ವಾ?

ಐಟಿ, ಬಿಪಿಒ ಕಂಪನಿಗಳಿಗೆ ಸ್ಥಾಯಿ ಆದೇಶದ ಕಾಯ್ದೆಯಿಂದ (ಕೆಲಸದ ಷರತ್ತುಗಳನ್ನು ಮಾಲೀಕರು ಬರೆದು ಮಂಜೂರು ಮಾಡಿಸಿಕೊಳ್ಳಬೇಕು ಅನ್ನುವ ಕಾಯ್ದೆ) 2024ರ ಮಾರ್ಚ್‌ನಲ್ಲಿ ಮತ್ತೆ 5 ವರ್ಷ ವಿನಾಯಿತಿ ಕೊಟ್ಟವರು ನೀವೇ. ಪುಕ್ಕಟೆ ಕೊಡಲಿಲ್ಲ, ಷರತ್ತು ಹಾಕಿದಿರಿ. ಕುಂದುಕೊರತೆ ಸಮಿತಿ ಇರಬೇಕು ಅಂದಿರಿ. ಸೇವಾ ಷರತ್ತುಗಳ ಮಾಹಿತಿಯನ್ನು ಅಧಿಕಾರಿಗಳು ಕೇಳಿದರೆ ಕೂಡಲೇ ಕೊಡಬೇಕು ಅಂದಿರಿ. ಹಾಗಾದರೆ ಕೇಳಿ. ಒಂದೇ ಒಂದು ಪ್ರಶ್ನೆ ಕೇಳಿ: ನಿಮ್ಮ ವಿಮೆಯಲ್ಲಿ ಮದುವೆಯಾಗದವರ ಅಪ್ಪ ಅಮ್ಮ ಇದ್ದಾರಾ, ಇಲ್ವಾ? ನಮ್ಮಲ್ಲಿ ಆ ಕುಂದುಕೊರತೆ ಸಮಿತಿ ಎಲ್ಲಿದೆ ಅಂತ ನಾನು ಎಚ್‌ಆರ್‌ಗೆ ಕೇಳಿದ್ದಕ್ಕೆ ಒಂದು ಮೇಲ್ ಐಡಿ ಕೊಟ್ಟರು. ಬರೆದೆ. "ನಿಮ್ಮ ಅನಿಸಿಕೆಗೆ ಧನ್ಯವಾದ" ಅಂತ ತಾನಾಗೇ ಬರುವ ಉತ್ತರ ಬಂತು. ಅಷ್ಟಕ್ಕೆ ಮುಗೀತು.

ಮಾಲೀಕರು ಕೇಳಿದ್ದು ಮಾತ್ರ ಎಷ್ಟು ಬೇಗ ಮೇಜಿಗೆ ಬರುತ್ತದೆ ನೋಡಿ. 2024ರ ಜುಲೈನಲ್ಲಿ ದಿನಕ್ಕೆ 14 ಗಂಟೆ ದುಡಿಸುವ ಪ್ರಸ್ತಾವ ಬಂತು. ನೌಕರರ ಸಂಘದವರು ಬೀದಿಗಿಳಿದು ಕೂಗಬೇಕಾಯಿತು. ಹುಡುಗರ ಬೆನ್ನು ಎಷ್ಟು ಗಂಟೆ ತಡೆಯುತ್ತದೆ ಅಂತ ಲೆಕ್ಕ ಹಾಕಲು ಸಮಯ ಇತ್ತು. ಅವರ ಅಮ್ಮನ ಬಿಲ್ ಯಾರು ಕಟ್ಟುತ್ತಾರೆ ಅಂತ ಕೇಳಲು ಇಲ್ಲ. ಮಾತು ಕಟುವಾಯಿತೇನೋ. ಇರಲಿ ಬಿಡಿ, ಬರೆದಿದ್ದನ್ನು ಅಳಿಸುವುದಿಲ್ಲ.

ಆ ಹೊಸ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಯಾಗಿವೆ. ರಾಜ್ಯದ ನಿಯಮ ಬರೆಯುವ ಪೆನ್ನು ನಿಮ್ಮ ಇಲಾಖೆಯ ಕೈಯಲ್ಲಿದೆ. ನೇಮಕಾತಿ ಪತ್ರ ಎಲ್ಲರಿಗೂ ಕೊಡಲೇಬೇಕು ಅಂತ ಈಗ ಕಾನೂನೇ ಹೇಳುತ್ತದೆ. ಆ ಪತ್ರದ ಜೊತೆ ಒಂದು ಹಾಳೆ ಕನ್ನಡದಲ್ಲಿ ಇರಲಿ. ವಿಮೆಯಲ್ಲಿ ಯಾರಿದ್ದಾರೆ, ಯಾರಿಲ್ಲ, ಯಾವಾಗ ಸೇರಿಸಬಹುದು, ಎಷ್ಟು ಕಟ್ಟಬೇಕು, ಎಲ್ಲ ಅದರಲ್ಲಿ ಬರೆದಿರಲಿ. ಸೇರಿದ ತಿಂಗಳೊಳಗೆ, ಪ್ರೊಬೇಷನ್ ಇದ್ದರೂ, ನೌಕರ ತಾನು ಹೇಳಿದವರ ಹೆಸರು ಸೇರಿಸುವಂತಿರಲಿ. ಜೊತೆಗೆ ಇಎಸ್‌ಐನ 21 ಸಾವಿರದ ಮಿತಿ ಏರಿಸಿ ಅಂತ ದೆಹಲಿಗೆ ಒಂದು ಪತ್ರ ಬರೆಯಿರಿ. ನಾನು ಬರೆದರೆ ಅವರು ಓದುವುದಿಲ್ಲ, ನೀವು ಬರೆದರೆ ಓದಬಹುದು.

ನಮ್ಮ ಕಂಪನಿಯಲ್ಲಿ ವಿಮೆಗೆ ಹೆಸರು ಸೇರಿಸುವ ಫಾರ್ಮ್ ಏಪ್ರಿಲ್‌ನಲ್ಲಿ ತೆರೆದು, 15 ದಿನಕ್ಕೆ ಮುಚ್ಚುತ್ತದೆ. ಅಮ್ಮನ ಆಧಾರ್ ಕಾರ್ಡ್ ಜೆರಾಕ್ಸ್ ಮಾಡಿಸಿ ಇಟ್ಟುಕೊಂಡಿದ್ದೇನೆ. ನಿಮ್ಮ ಆದೇಶ ಅದಕ್ಕೆ ಮುಂಚೆ ಬಂದರೆ ಪ್ರೀಮಿಯಂನಲ್ಲಿ ಕಂಪನಿಯ ಪಾಲೂ ಇರುತ್ತದೆ. ಬರದಿದ್ದರೆ ಪೂರ್ತಿ ನಾನೇ ಕಟ್ಟುತ್ತೇನೆ, ಆ್ಯಪ್‌ನವರ ಕಂತಿನ ಜೊತೆಗೆ.

ಇತಿ,
ತಿಪಟೂರು ತಾಲ್ಲೂಕಿನ ಒಬ್ಬ ಬಿಪಿಒ ನೌಕರ