ಮರಿಗಿಂತ ಮೊದಲು ಮನೆ ಹುಡುಕು

ಪ್ರೀತಿಯ ಗೆಳೆಯಾ,

ಹೋದ ವಾರ ನೀನು ಫೋನ್ ಮಾಡಿದಾಗ ಸರಿಯಾಗಿ ಮಾತಾಡಲಿಲ್ಲ. ಹೊಲಕ್ಕೆ ಕಬ್ಬು ಕಡಿಯುವವರು ಬಂದಿದ್ದರು. ಟ್ರ್ಯಾಕ್ಟರ್ ಸದ್ದಿನಲ್ಲಿ ನಿನ್ನ ಮಾತು ಅರ್ಧ ಕೇಳಿಸಿತು. "ಎರಡು ಹೆಣ್ಣು, ಒಂದು ಗಂಡು ಮುಧೋಳ ನಾಯಿ ಕೊಡಿಸು, ಹಿರಿಯೂರಿನ ತೋಟದಲ್ಲಿ ತಳಿ ಬೆಳೆಸೋದು ಶುರು ಮಾಡ್ತೀನಿ" ಅಂದೆ. ನಾನು "ನೋಡೋಣ" ಅಂತ ಫೋನ್ ಇಟ್ಟೆ. ನಿನಗೆ ಬೇಜಾರಾಗಿರಬೇಕು. ಆದರೆ ಇದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಹಾಗೆ ಕೇಳುವವರು ಇನ್ನೂ ಇದ್ದಾರೆ, ಅವರೂ ಓದಲಿ.

ಮೊದಲು ನನ್ನ ಚಂದ್ರಿಯ ಕಥೆ ಹೇಳುತ್ತೇನೆ. ನಿನಗೆ ನಾನು ಇದನ್ನು ಪೂರ್ತಿ ಹೇಳಿಯೇ ಇಲ್ಲ.

ಚಂದ್ರಿ ನನ್ನ ಮೊದಲ ಹೆಣ್ಣು ನಾಯಿ. ಒಂದು ವರ್ಷ ಎರಡು ತಿಂಗಳಿಗೇ ಅವಳನ್ನು ಗಂಡಿಗೆ ಬಿಟ್ಟೆ. ಅದು ತಪ್ಪು ಅಂತ ಆಗ ನನಗೆ ಗೊತ್ತಿರಲಿಲ್ಲ. ಏಳು ಮರಿ ಹಾಕಿದಳು. ಊರೆಲ್ಲ ನೋಡಲು ಬಂತು. ನನಗೂ ಹೆಮ್ಮೆ, ಬಂದವರ ಕೈಗೆಲ್ಲ ಮರಿ ಎತ್ತಿ ಕೊಟ್ಟೆ. ಐದನೇ ವಾರ ಒಂದು ಮರಿ ಹಾಲು ಬಿಟ್ಟಿತು. ಸಂಜೆಗೆ ವಾಂತಿ, ಮರುದಿನ ರಕ್ತದ ಭೇದಿ. ಪಾರ್ವೊ, ಮರಿಗಳನ್ನು ಕೊಲ್ಲುವ ಅಂಟುರೋಗ. ಒಂದು ವಾರದಲ್ಲಿ ಐದು ಮರಿ ಹೋದವು. ಚಂದ್ರಿ ಖಾಲಿ ಗೋಣಿಚೀಲದ ಮೇಲೆ ಮೂಗು ಇಟ್ಟು ಮಲಗುತ್ತಿದ್ದಳು. ಗಂಡಿಗೆ ಬಿಡುವ ಮೊದಲು ಅವಳ ಲಸಿಕೆ ಪೂರ್ತಿ ಮಾಡಿಸಿರಲಿಲ್ಲ. ಬಂದವರ ಚಪ್ಪಲಿಯಲ್ಲಿ ಏನು ಬಂತು ಅಂತ ಯೋಚಿಸಿಯೂ ಇರಲಿಲ್ಲ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ ಅಂತ ಡಾಕ್ಟರ್ ಆಮೇಲೆ ಹೇಳಿದರು.

ಉಳಿದ ಎರಡು ಮರಿಗಳನ್ನು ಹೆದರಿ ಆರು ವಾರಕ್ಕೇ ಕೊಟ್ಟುಬಿಟ್ಟೆ. ಒಂದು ಪಕ್ಕದ ಊರಿಗೆ ಹೋಯಿತು, ಚೆನ್ನಾಗಿ ಬಾಳಿತು. ಇನ್ನೊಂದು ಬೆಂಗಳೂರಿಗೆ, ಮೂರನೇ ಮಹಡಿಯ ಮನೆಗೆ. ಹನ್ನೊಂದು ತಿಂಗಳಾದಾಗ ಅವರ ಫೋನ್ ಬಂತು: "ನಿಮ್ಮ ನಾಯಿ ಎಲ್ಲರ ಮೇಲೆ ಏರಿ ಹೋಗುತ್ತೆ, ಬಾಲ್ಕನಿಯಲ್ಲಿ ಕಟ್ಟಿದ್ದೀವಿ, ತಗೊಂಡು ಹೋಗಿ." ಸುಗ್ಗಿ ಮುಗಿಸಿ ಬರುತ್ತೇನೆ ಅಂದೆ. ಹದಿನೈದು ದಿನ ಬಿಟ್ಟು ಹೋದಾಗ ಅದನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು. ಯಾರಿಗೆ ಅಂತ ಅವರಿಗೂ ಗೊತ್ತಿರಲಿಲ್ಲ. ಆ ನಾಯಿ ನನಗೆ ಇವತ್ತಿಗೂ ಸಿಕ್ಕಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಓಡಲೆಂದೇ ಹುಟ್ಟಿದ ಪ್ರಾಣಿಯನ್ನು ಆ ಬಾಲ್ಕನಿಗೆ ಕಳಿಸಿದವನು ನಾನು.

ಅದಕ್ಕೇ ನಿನಗೆ ಮೊದಲ ಮಾತು ಇದು. ನಾಯಿಯನ್ನು ಗಂಡಿಗೆ ಬಿಡುವ ಮೊದಲೇ ಮರಿಗಳ ಮನೆ ಗೊತ್ತಿರಬೇಕು. ಕನಿಷ್ಠ ನಾಲ್ಕು ಮನೆಯವರು "ನಮಗೆ ಬೇಕು, ಇಂಥ ಕೆಲಸಕ್ಕೆ ಬೇಕು" ಅಂತ ಹೇಳಿರಬೇಕು, ಆ ಜಾಗವನ್ನು ನೀನು ಕಣ್ಣಾರೆ ನೋಡಿರಬೇಕು. ಯಾವ ವಯಸ್ಸಿನಲ್ಲಿ, ಯಾವ ಕಾರಣಕ್ಕೆ ವಾಪಸ್ ತಂದರೂ ನಿನ್ನ ಅಂಗಳದಲ್ಲಿ ಅದಕ್ಕೆ ಜಾಗ ಇರಬೇಕು. ಇದನ್ನು ಕಾಗದದ ಮೇಲೆ ಬರೆದೇ ಕೊಡು. ಅಷ್ಟು ಜಾಗ ಇಲ್ಲದಿದ್ದರೆ ಈ ವರ್ಷ ಮರಿ ಬೇಡ.

ಇನ್ನು, ಎರಡು ಹೆಣ್ಣು ಒಂದು ಗಂಡು ಅಂದೆಯಲ್ಲ. ಗಂಡು ಬೇಡ. ಎರಡು ಹೆಣ್ಣೂ ಬೇಡ. ಒಂದೇ ಒಂದು ಹೆಣ್ಣು ಮರಿ ತಗೋ. ಗಂಡು ಮನೆಯಲ್ಲೇ ಇದ್ದರೆ ಪ್ರತಿ ಸಲ ಅದಕ್ಕೇ ಬಿಡುತ್ತೀಯ, ಆಮೇಲೆ ಅದರ ಮಗಳನ್ನೂ ಅದಕ್ಕೇ ಬಿಡುತ್ತೀಯ. ನಮ್ಮ ಕಡೆ ಈ ತೊಂದರೆ ಬಹಳ ಇದೆ. ಒಂದು ಗಂಡು ಚೆಂದ ಕಂಡರೆ ಸುತ್ತಲಿನ ಹತ್ತು ಊರಿನ ಹೆಣ್ಣುಗಳೂ ಅದರ ಹತ್ತಿರವೇ ಬರುತ್ತವೆ. ಮೂರು ಸೂಲು ಕಳೆಯುವಷ್ಟರಲ್ಲಿ ಎಲ್ಲವೂ ಅಣ್ಣತಂಗಿಯರೇ. ಮರಿ ಕಡಿಮೆ ಆಗುತ್ತವೆ, ಬಡಕಲಾಗುತ್ತವೆ. ನಿನ್ನ ಹೆಣ್ಣಿಗೆ ಹೊಂದುವ ಗಂಡನ್ನು ಬೇರೆ ಊರಿನಲ್ಲಿ ಹುಡುಕು. ಅದರ ತಂದೆತಾಯಿ, ಅಜ್ಜಅಜ್ಜಿ ಯಾರು ಅಂತ ಕೇಳಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಡು.

ನಿನ್ನ ತೋಟದಲ್ಲಿ ನಾಯಿಗೆ ಏನು ಕೆಲಸ ಇದೆ ಅಂತಲೂ ಕೇಳಬೇಕು. ಕೋಪ ಮಾಡಿಕೊಳ್ಳಬೇಡ, ಇದರ ಮೇಲೆಯೇ ಎಲ್ಲ ನಿಂತಿದೆ.

ಮುಧೋಳದ ರಾಜ ಮಾಲೋಜಿರಾವ್ ಘೋರ್ಪಡೆ ಈ ತಳಿಯನ್ನು ಉಳಿಸಿ ಬೆಳೆಸಿದರು ಅಂತ ನಮ್ಮ ಕಡೆ ಮಕ್ಕಳಿಗೂ ಗೊತ್ತು. ಇಂಗ್ಲೆಂಡಿನ ದೊರೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕೊಟ್ಟ ಕಥೆಯನ್ನೂ ಎಲ್ಲರೂ ಹೇಳುತ್ತಾರೆ. ಆದರೆ ಆ ಕಥೆಯಲ್ಲಿ ನನಗೆ ದೊಡ್ಡದಾಗಿ ಕಾಣುವುದು ಬೇರೆ. ರಾಜ ಆರಿಸಿದ್ದು ಬೇಟೆಗಾರರ ಕೈಯಲ್ಲಿ ಓಡುತ್ತಿದ್ದ ನಾಯಿಗಳನ್ನು. ಆ ಉದ್ದ ಕಾಲು, ಆಳವಾದ ಎದೆ, ಒಳಗೆ ಹೋದ ಹೊಟ್ಟೆ, ದೂರದ ಚಲನೆ ಹಿಡಿಯುವ ಕಣ್ಣು, ಎಲ್ಲವೂ ಓಟದಿಂದಲೇ ಬಂದದ್ದು. ಓಡಲಾರದ ನಾಯಿಯ ಮರಿಯನ್ನು ಯಾರೂ ಸಾಕುತ್ತಿರಲಿಲ್ಲ. ಈಗ ಬೇಟೆ ಇಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಮೊಲದ ಹಿಂದೆ ನಾಯಿ ಬಿಡುವುದು ಅಪರಾಧ. ಅದು ಸರಿಯಾದ ಕಾನೂನು, ಅದನ್ನು ಮುರಿಯುವ ಮಾತೇ ಬೇಡ. ಆದರೆ ಕೆಲಸ ಹೋದ ಮೇಲೆ ಯಾವ ನಾಯಿ ಮುಂದಿನ ತಲೆಮಾರಿಗೆ ಹೋಗಬೇಕು ಅಂತ ಆರಿಸುವವರು ಯಾರು? ನಾವೇ. ನಾವು ಬಣ್ಣ ನೋಡಿ, ಎತ್ತರ ನೋಡಿ ಆರಿಸಿದರೆ ಇಪ್ಪತ್ತು ವರ್ಷದಲ್ಲಿ ಹೆಸರಿಗೆ ಮಾತ್ರ ಮುಧೋಳ ಉಳಿಯುತ್ತದೆ.

ಅದಕ್ಕೆ ನಾನು ಮಾಡುವುದು ಇಷ್ಟು. ನಾಯಿಗೆ ಒಂದೂವರೆ ವರ್ಷ ತುಂಬಲಿ, ಎಲುಬು ಬಲಿಯಲಿ. ಆಮೇಲೆ ಬೆಳಗಿನ ಜಾವ ಖಾಲಿ ಎರೆ ಹೊಲಕ್ಕೆ ಕರೆದೊಯ್ಯುತ್ತೇನೆ. ಬಿಳಿ ಚೀಲದ ತುಂಡನ್ನು ಉದ್ದ ಹಗ್ಗಕ್ಕೆ ಕಟ್ಟಿ, ಹಗ್ಗವನ್ನು ಎರಡು ಗೂಟದ ರಾಟೆಗಳಲ್ಲಿ ದಾಟಿಸಿ ಮೋಟರ್‌ಸೈಕಲ್ಲಿನಿಂದ ಎಳೆಸುತ್ತೇನೆ. ಗೂಟದ ಹತ್ತಿರ ಚೀಲ ಗಕ್ಕನೆ ತಿರುಗುತ್ತದೆ, ಮೊಲ ತಿರುಗುವ ಹಾಗೆ. ನೆಟ್ಟಗೆ ಓಡುವುದು ಎಲ್ಲಕ್ಕೂ ಬರುತ್ತದೆ. ತಿರುವಿನಲ್ಲಿ ನಾಯಿ ಗೊತ್ತಾಗುತ್ತದೆ. ಮುಗ್ಗರಿಸಿತಾ, ಮೈ ಬಾಗಿಸಿ ಹಿಡಿತಾ, ಚೀಲ ಕಣ್ಮರೆಯಾದರೆ ಬಿಟ್ಟುಬಿಟ್ಟಿತಾ, ಹುಡುಕಿತಾ. ನಿಂತ ಮೇಲೆ ಉಸಿರು ಹತೋಟಿಗೆ ಬರಲು ಎಷ್ಟು ಹೊತ್ತು. ಮರುದಿನ ಕುಂಟುತ್ತಿದೆಯಾ. ಕೊನೆಯದು, ಕರೆದರೆ ಬಂತಾ. ಎಷ್ಟೇ ವೇಗ ಇರಲಿ, ಕರೆದರೆ ಬಾರದ ನಾಯಿಯಿಂದ ನಾನು ಮರಿ ತೆಗೆಯುವುದಿಲ್ಲ.

ಸ್ವಭಾವವನ್ನೂ ಅಷ್ಟೇ ಗಟ್ಟಿಯಾಗಿ ನೋಡು. ಮುಧೋಳ ನಾಯಿ ಅಪರಿಚಿತರು ಮುಟ್ಟಿದರೆ ಇಷ್ಟಪಡುವುದಿಲ್ಲ, ದೂರ ನಿಂತು ನೋಡುತ್ತದೆ. ಅದು ಗುಣ. ಆದರೆ ಹೆದರಿ ಮೂಲೆ ಸೇರುವುದು, ಹೆದರಿ ಕಚ್ಚುವುದು ಗುಣ ಅಲ್ಲ. ಹೆದರುಪುಕ್ಕಲು ತಾಯಿಯ ಮರಿಗಳೂ ಹಾಗೇ ಆಗುವುದನ್ನು ನಾನು ನೋಡಿದ್ದೇನೆ. 2016ರಲ್ಲಿ ಸೇನೆಯವರು ಇಲ್ಲಿಂದ ಮರಿಗಳನ್ನು ಮೀರತ್‌ನ ತರಬೇತಿ ಕೇಂದ್ರಕ್ಕೆ ಒಯ್ದರು. ಸದ್ದಿಗೆ ಬೆದರುವ ನಾಯಿಯಿಂದ ಅಂಥ ಕೆಲಸ ಆಗುವುದಿಲ್ಲ, ನಿನ್ನ ತೋಟ ಕಾಯುವುದೂ ಆಗುವುದಿಲ್ಲ.

ನಿನ್ನ ಹತ್ತಿರ ಕುರಿ ಇವೆ ಅಂದೆ. ಎಚ್ಚರ. ಓಡುವುದನ್ನು ಕಂಡರೆ ಅಟ್ಟಿಸುವುದು ಇವುಗಳ ರಕ್ತದಲ್ಲೇ ಇದೆ. ಬೆಳೆದ ನಾಯಿಯನ್ನು ತಂದು ಕುರಿಹಟ್ಟಿಗೆ ಬಿಟ್ಟರೆ ಒಂದೆರಡು ಕುರಿಮರಿ ಕಳೆದುಕೊಳ್ಳುತ್ತೀಯ. ಎರಡು ತಿಂಗಳ ಮರಿಯಿಂದಲೇ ಕುರಿಗಳ ಜೊತೆ, ಕೋಳಿಗಳ ಜೊತೆ, ನಿನ್ನ ಕಣ್ಣೆದುರೇ ಬೆಳೆಸಬೇಕು. ಚಿರತೆ ಓಡಾಡುವ ಜಾಗವಾದರೆ ರಾತ್ರಿ ಹೊರಗೆ ಕಟ್ಟಲೇಬೇಡ. ಕಟ್ಟಿದ ನಾಯಿ ಚಿರತೆಗೆ ಸುಲಭದ ಊಟ.

ಮರಿ ಎಲ್ಲಿಂದ ತರುವುದು ಅಂತ ನೀನು ಕೇಳಿದ್ದೆ. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಮೊದಲು ಅಲ್ಲಿಗೆ ಹೋಗು. ಮರಿ ಸಿಗದಿದ್ದರೂ ಸರಿ, ಒಳ್ಳೆಯ ನಾಯಿ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಆಗುತ್ತದೆ. ನಮ್ಮ ತಾಲ್ಲೂಕಿನ ಹಳ್ಳಿಗಳಲ್ಲಿ ಹೊಲ ಇಲ್ಲದ ಎಷ್ಟೋ ಮನೆಗಳು ಮರಿ ಮಾರಿ ಬದುಕುತ್ತವೆ, ಅವರಲ್ಲಿ ನಾಯಿಯನ್ನು ಬಲ್ಲವರು ಬಹಳ ಜನ ಇದ್ದಾರೆ. ತಾಯಿಯನ್ನು ನೋಡದೆ ಮರಿ ತಗೋಬೇಡ. ಫೋಟೋ ನೋಡಿ ದುಡ್ಡು ಕಳಿಸಬೇಡ. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಮುಧೋಳದ ಹೆಸರು ಹೇಳಿದ ಮೇಲೆ ನನಗೇ ಫೋನ್ ಮೇಲೆ ಫೋನ್ ಬಂದವು. ಬೇಡಿಕೆ ಏರಿದಾಗ ಗ್ರೇಹೌಂಡ್ ಅನ್ನುವ ವಿದೇಶಿ ಓಟದ ನಾಯಿಯ ಬೆರಕೆಯೂ ಅದೇ ಹೆಸರಿನಲ್ಲಿ ಮಾರಾಟ ಆಗುತ್ತದೆ. ನಾಯಿ ತಳಿಗಳನ್ನು ನೋಂದಾಯಿಸುವ ಕೆನಲ್ ಕ್ಲಬ್ ಆಫ್ ಇಂಡಿಯಾದ ಕಾಗದದಲ್ಲಿ ಇದೇ ತಳಿಗೆ ಕಾರವಾನ್ ಹೌಂಡ್ ಅಂತ ಇರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡ.

ಕಾನೂನು ಬೇಗ ಹೇಳಿಬಿಡುತ್ತೇನೆ. ನಾಯಿ ತಳಿ ಬೆಳೆಸಿ ಮಾರುವವರಿಗೆ 2017ರಲ್ಲಿ ಕೇಂದ್ರ ಸರ್ಕಾರ ನಿಯಮ ಮಾಡಿದೆ. ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಬೇಕು. ಹೆಣ್ಣಿಗೆ 18 ತಿಂಗಳು ತುಂಬುವ ಮೊದಲು ಗಂಡಿಗೆ ಬಿಡುವ ಹಾಗಿಲ್ಲ, 8 ವರ್ಷ ದಾಟಿದ ಮೇಲೂ ಇಲ್ಲ. ವರ್ಷಕ್ಕೆ ಒಂದೇ ಸೂಲು, ಜೀವಮಾನದಲ್ಲಿ ಐದೇ. ಎಂಟು ವಾರ ತುಂಬದ ಮರಿ ಮಾರುವಂತಿಲ್ಲ. ಐದು ಸೂಲು ನನಗೆ ಜಾಸ್ತಿ ಅನ್ನಿಸುತ್ತದೆ. ನನ್ನ ನಾಯಿಗಳಿಂದ ಮೂರಕ್ಕಿಂತ ಹೆಚ್ಚು ತೆಗೆಯುವುದಿಲ್ಲ.

ಬೆದೆಗೆ ಬಂದ ದಿನದಿಂದ ಮೂರು ವಾರ ಅವಳನ್ನು ಒಳಗೇ ಇಡು, ಹೊರಗೆ ಬಿಟ್ಟರೆ ನೀನೂ ಜೊತೆಗೇ ಇರು. ಬೀದಿ ನಾಯಿ ಗೋಡೆ ಹಾರಿ ಬರುತ್ತದೆ. ಒಂದೇ ಸೂಲಿನಲ್ಲಿ ಎರಡು ಗಂಡುಗಳ ಮರಿ ಹುಟ್ಟಬಹುದು, ಗೊತ್ತಾ? ಕೂಡಿಸುವ ಮೊದಲು ಎರಡೂ ನಾಯಿಯನ್ನು ಡಾಕ್ಟರಿಗೆ ತೋರಿಸು. ಗರ್ಭ ಇಳಿಸುವ ಬ್ರುಸೆಲ್ಲಾ ಸೋಂಕಿನ ಪರೀಕ್ಷೆ ಮಾಡಿಸು. ಕೂಡುವಾಗ ಹರಡುವ ಒಂದು ಗಡ್ಡೆ ರೋಗ ನಮ್ಮ ದೇಶದಲ್ಲಿ ಸಾಮಾನ್ಯ, ಅದನ್ನೂ ನೋಡಿಸು. ರಕ್ತ ಹೀರುವ ಉಣ್ಣಿ ಕಚ್ಚಿ ಬರುವ ಜ್ವರ ಇದ್ದರೆ ಮೊದಲು ಅದು ವಾಸಿಯಾಗಲಿ.

ಗರ್ಭ ಸುಮಾರು 63 ದಿನ. ಎಲ್ಲರೂ ಪ್ರೀತಿಯಿಂದ ಮಾಡುವ ಒಂದು ತಪ್ಪು ಹೇಳುತ್ತೇನೆ. ಬಸುರಿ ನಾಯಿಗೆ ಕ್ಯಾಲ್ಸಿಯಂ ಬಾಟಲಿ ಕುಡಿಸುತ್ತಾರೆ. ಡಾಕ್ಟರ್ ಹೇಳದೆ ಕೊಡಬೇಡ. ಹೊರಗಿನಿಂದ ಸಿಗುತ್ತಾ ಹೋದರೆ ಮೈ ತನ್ನ ಎಲುಬಿನಿಂದ ಕ್ಯಾಲ್ಸಿಯಂ ತೆಗೆಯುವುದನ್ನು ನಿಧಾನ ಮಾಡಿಬಿಡುತ್ತದೆ. ಮರಿ ಹಾಕಿದ ಮೇಲೆ ಹಾಲಿಗೆ ಒಮ್ಮೆಗೇ ಬೇಕಾದಾಗ ಸಾಲದೆ ನಡುಕ, ಸೆಳೆತ ಬರುತ್ತದೆ. ಅದರಿಂದ ಜೀವವೂ ಹೋಗಬಹುದು. ಜೋಳದ ನುಚ್ಚು, ಮೊಟ್ಟೆ, ಮಾಂಸ, ಹಾಲು, ಇಷ್ಟನ್ನು ಕೊನೆಯ ಮೂರು ವಾರ ಹೆಚ್ಚಿಸಿ ಸ್ವಲ್ಪಸ್ವಲ್ಪವೇ ಕೊಡು.

58ನೇ ದಿನದಿಂದ ದಿನಕ್ಕೆ ಎರಡು ಸಲ ಜ್ವರ ನೋಡುವ ಥರ್ಮಾಮೀಟರ್ ಇಡು. ಮಾಮೂಲಿ 101 ಡಿಗ್ರಿ ಫ್ಯಾರನ್‌ಹೀಟ್ ಆಸುಪಾಸು ಇರುತ್ತದೆ. 99ಕ್ಕಿಂತ ಕೆಳಗಿಳಿದರೆ ಒಂದು ದಿನದೊಳಗೆ ಮರಿ ಹಾಕುತ್ತಾಳೆ. ಆಪರೇಷನ್ ಬೇಕಾದರೆ ಡಾಕ್ಟರಿಗೆ "ಇದು ಓಟದ ನಾಯಿ, ಮೈಯಲ್ಲಿ ಕೊಬ್ಬಿಲ್ಲ" ಅಂತ ನೆನಪಿಸು. ಕೆಲವು ಅರಿವಳಿಕೆ ಔಷಧಿ ಇಂಥ ನಾಯಿಗಳ ಮೈಯಿಂದ ಬೇಗ ಇಳಿಯುವುದಿಲ್ಲ. ಹುಟ್ಟಿದ ಮರಿಗೆ ಮೊದಲ ಎರಡು ವಾರ ತನ್ನ ಮೈ ಬೆಚ್ಚಗೆ ಇಟ್ಟುಕೊಳ್ಳಲು ಬರುವುದಿಲ್ಲ. ತಾಯಿ ಎದ್ದು ಹೋದಾಗ ತಣ್ಣಗಾಗಿ ಸತ್ತ ಮರಿಗಳು ಎಷ್ಟೋ. ನಿನ್ನ ಮೊದಲ ಸೂಲಿನ ಹತ್ತು ರಾತ್ರಿ ನೀನು ಅಲ್ಲೇ ಮಲಗಬೇಕು.

ಮೂರನೇ ವಾರದಿಂದ ಮರಿಗಳಿಗೆ ಲೋಕ ತೋರಿಸು. ಮಿಕ್ಸಿ ಸದ್ದು, ಪಂಪ್‌ಸೆಟ್ ಸದ್ದು, ಮಕ್ಕಳು, ಮುದುಕರು, ಕುರಿ, ಛತ್ರಿ. ಈ ವಾರಗಳಲ್ಲಿ ಕಂಡದ್ದಕ್ಕೆ ಅವು ದೊಡ್ಡವಾದ ಮೇಲೆ ಹೆದರುವುದು ಕಡಿಮೆ. ಲಸಿಕೆ ಆರರಿಂದ ಎಂಟನೇ ವಾರದಲ್ಲಿ ಶುರು, ಆದರೆ ಒಂದಕ್ಕೇ ನಿಲ್ಲಿಸಬೇಡ. ತಾಯಿಯ ಹಾಲಿನಿಂದ ಬಂದ ರಕ್ಷಣೆ ಮೊದಲ ಲಸಿಕೆಯ ಕೆಲಸಕ್ಕೆ ಅಡ್ಡ ಬರಬಹುದು. ಅದಕ್ಕೇ ಮೂರು ನಾಲ್ಕು ವಾರಕ್ಕೊಮ್ಮೆ 16 ವಾರದ ತನಕ ಹಾಕಿಸಬೇಕು. ಮರಿ ಒಯ್ಯುವವರಿಗೂ ಇದನ್ನು ಬರೆದು ಕೊಡು.

ದುಡ್ಡಿನ ಬಗ್ಗೆ ನೀನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಮೊದಲ ಮೂರು ವರ್ಷ ಕೈಯಿಂದ ಹೋಗುವುದೇ ಜಾಸ್ತಿ. ಕುರಿ, ಶೇಂಗಾ ನಿನ್ನ ಮನೆ ನಡೆಸಲಿ. ನಾಯಿಯಿಂದ ಮನೆ ನಡೆಯಬೇಕು ಅಂತಾದರೆ, ಬಿಡಬಾರದ ಹೆಣ್ಣನ್ನೂ ಗಂಡಿಗೆ ಬಿಡುವ ದಿನ ಬಂದೇ ಬರುತ್ತದೆ.

ಸದ್ಯಕ್ಕೆ ಏನೂ ಕೊಳ್ಳಬೇಡ. ಕಬ್ಬು ಸಾಗಿದ ಮೇಲೆ ನಾಲ್ಕು ದಿನ ಬಿಡುವು ಮಾಡಿಕೊಂಡು ಇಲ್ಲಿಗೆ ಬಾ. ಚಂದ್ರಿಯ ಮೊಮ್ಮಗಳಿಗೆ ಈಗ ಎರಡು ವರ್ಷ, ಬೆಳಿಗ್ಗೆ ಅವಳನ್ನು ಓಡಿಸೋಣ, ಮೋಟರ್‌ಸೈಕಲ್ ನೀನೇ ನಡೆಸು. ಆಮೇಲೆ ತಿಮ್ಮಾಪುರಕ್ಕೆ ಹೋಗಿ ಬರೋಣ. ಬರುವಾಗ ದಾರಿಯಲ್ಲಿ ಬೇರೆ ಯಾರ ನಾಯಿಯನ್ನೂ ಮುಟ್ಟಬೇಡ. ಗೇಟಿನ ಹತ್ತಿರ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ಬುಟ್ಟಿ ಇರುತ್ತದೆ, ಚಪ್ಪಲಿ ಅದರಲ್ಲಿ ಅದ್ದಿ ಒಳಗೆ ಬಾ.

ನಿನ್ನ ಗೆಳೆಯ