ಗಾಂಜಾ ಚಟ: ಸದಸ್ಯರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ‘ಗಾಂಜಾ ಗಿಡದ್ದೇ ಅಲ್ವಾ, ಚಟ ಹತ್ತಲ್ಲ’ ಅನ್ನೋ ಸಂದೇಶವನ್ನು ದಯವಿಟ್ಟು ಇಲ್ಲಿ ಫಾರ್ವರ್ಡ್ ಮಾಡಬೇಡಿ. ಹತ್ತುತ್ತದೆ. ಸೇದುವ ಸುಮಾರು 10 ಜನರಲ್ಲಿ ಒಬ್ಬರಿಗೆ. ಹದಿಹರೆಯದಲ್ಲೇ ಶುರು ಮಾಡಿದವರಲ್ಲಿ ಇನ್ನೂ ಜಾಸ್ತಿ.

ದಿನಾ ಸೇದುವವರು ಬಿಟ್ಟರೆ ಒಂದೆರಡು ದಿನದಲ್ಲೇ ಸಿಡಿಮಿಡಿ ಶುರು. ನಿದ್ದೆ ಬರುವುದಿಲ್ಲ, ಬಂದರೆ ಕೆಟ್ಟ ಕನಸು. ತಟ್ಟೆ ಮುಂದೆ ಕೂತರೂ ಊಟ ಸೇರುವುದಿಲ್ಲ. ಮೊದಲ ವಾರವೇ ಕಷ್ಟ, ಆಮೇಲೆ ನಿಧಾನಕ್ಕೆ ಇಳಿಯುತ್ತದೆ. ಮನೆಯವರು ಇದನ್ನು ಕೊಬ್ಬು ಅಂದುಕೊಂಡು ಬೈಯುವುದೇ ಹೆಚ್ಚು. ಬೈದರೆ ಚಟ ಬಿಡಲ್ಲ.

ಇದಕ್ಕೆಂದೇ ಮಾತ್ರೆ ಇಲ್ಲ, ಆಪ್ತಸಮಾಲೋಚನೆಯೇ ಮುಖ್ಯ ಚಿಕಿತ್ಸೆ. ಆದರೆ ಇಲ್ಲದ ದನಿ ಕೇಳಿಸುತ್ತಿದ್ದರೆ, ಸುಮ್‌ಸುಮ್ನೆ ಅನುಮಾನ ಪಡುತ್ತಿದ್ದರೆ ಕಾಯಬೇಡಿ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಅಮಲಿನಲ್ಲಿದ್ದವರ ಕೈಗೆ ಗಾಡಿ ಕೀ ಕೊಡಬೇಡಿ.

ಗುಂಪಿನಲ್ಲಿ ಯಾರ ಹೆಸರನ್ನೂ ಹಾಕಬೇಡಿ. ಸಹಾಯ ಬೇಕಿದ್ದರೆ ಅಡ್ಮಿನ್‌ಗೆ ನೇರವಾಗಿ ಮೆಸೇಜ್ ಮಾಡಿ.