ಗಡಿ ಕೆಳಗಿನ ಅಂತರ್ಜಲ: ಜನರನ್ನೂ ಕೇಳಿ

ಸಂಪಾದಕರೇ,

ಎರಡು ದೇಶಗಳ ನೆಲದಡಿ ಒಂದೇ ಅಂತರ್ಜಲ ಇದ್ರೆ ಹೇಗೆ ನಡ್ಕೋಬೇಕು ಅಂತ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಕಾನೂನು ಆಯೋಗ 2008ರಲ್ಲೇ 19 ಕರಡು ವಿಧಿಗಳನ್ನ ಕೊಟ್ಟಿದೆ, ನ್ಯಾಯವಾಗಿ ಬಳಸಿ, ಪಕ್ಕದ ದೇಶಕ್ಕೆ ಹಾನಿ ಮಾಡ್ಬೇಡಿ, ಡೇಟಾ ಹಂಚ್ಕೊಳ್ಳಿ ಅಂತೆಲ್ಲ ಇದೆ, ಒಳ್ಳೇದೇ. ಆದ್ರೆ ಆ ನೀರನ್ನೇ ಕುಡಿಯೋ ಜನರನ್ನ ಕೇಳ್ಬೇಕು ಅಂತ ಒಂದು ವಿಧಿನೂ ಇಲ್ಲ. 15ನೇ ವಿಧಿ ನೋಡಿ, ಹೊಸ ಪ್ರಾಜೆಕ್ಟ್‌ನಿಂದ ಆಚೆಕಡೆ ದೊಡ್ಡ ತೊಂದರೆ ಆಗೋ ಹಾಗಿದ್ರೆ ಈ ಸರ್ಕಾರ ಆ ಸರ್ಕಾರಕ್ಕೆ ತಿಳಿಸ್ಬೇಕು, ಒಮ್ಮತ ಇಲ್ದಿದ್ರೆ ಕೂತು ಮಾತಾಡ್ಬೇಕು, ಎಲ್ಲ ಸರ್ಕಾರಗಳ ಮಧ್ಯೆನೇ, ಬೋರ್‌ವೆಲ್ ಬತ್ತೋ ರೈತನಿಗೆ ಯಾರು ಹೇಳ್ತಾರೆ?

ನದಿ ಆದ್ರೆ ಬತ್ತೋದು ಕಣ್ಣಿಗೆ ಕಾಣುತ್ತೆ. ಅಂತರ್ಜಲ ಹಾಗಲ್ಲ, ಒಂದ್ಸಲ ಕೆಟ್ರೆ ಸರಿಹೋಗೋಕೆ ದಶಕಗಳೇ ಬೇಕು, ಅದಕ್ಕೇ ಮೊದಲೇ ಕೇಳ್ಬೇಕು ಅನ್ನೋದು.

ದಾರಿ ಇಲ್ದೇ ಇಲ್ಲ. 1998ರ ಆರ್ಹಸ್ ಅನ್ನೋ ಅಂತಾರಾಷ್ಟ್ರೀಯ ಒಪ್ಪಂದದಲ್ಲಿ ಜನರಿಗೆ ಪರಿಸರದ ವಿಷಯದಲ್ಲಿ ಮಾಹಿತಿ ಪಡೆಯೋದು, ನಿರ್ಧಾರದಲ್ಲಿ ಭಾಗವಹಿಸೋದು, ಕೋರ್ಟಿಗೆ ಹೋಗೋದು ಮೂರೂ ಹಕ್ಕು ಇದೆ, ಯಾವ ದೇಶದವನು ಅಂತ ಭೇದ ಮಾಡೋ ಹಾಗೂ ಇಲ್ಲ. ಅಂತರ್ಜಲ ಒಪ್ಪಂದಗಳಲ್ಲೂ ಇದನ್ನ ಬರೀಲಿ, ಪರ್ಮಿಷನ್ ಕೊಡೋ ಮುಂಚೆ ಗಡಿಯ ಎರಡೂ ಕಡೆ ಜನರ ಭಾಷೇಲೇ ಅಹವಾಲು ಸಭೆ ಮಾಡ್ಲಿ, ನೀರಿನ ಮಟ್ಟದ ಲೆಕ್ಕ ಫೈಲಲ್ಲಿ ಮುಚ್ಚಿಡ್ದೆ ಎಲ್ಲರಿಗೂ ಸಿಗೋ ಹಾಗೆ ಮಾಡ್ಲಿ.

ಒಬ್ಬ ಓದುಗ